ಹಗ್ಗ ಹಿಡಿದು ಬೆಟ್ಟ ಹತ್ತಿದ ರೈಲು

ದಾರಿಗೆ ಬೆಟ್ಟ ಅಡ್ಡ ಬಂದರೆ ರೈಲು ಸಾಮಾನ್ಯವಾಗಿ ಬೆಟ್ಟವನ್ನು ಬಳಸಿಕೊಂಡು ಸುತ್ತುತ್ತದೆ. ಸುತ್ತಲು ಜಾಗವಿಲ್ಲದ ಕಡೆ ಸುರಂಗದಲ್ಲಿ ನುಗ್ಗುತ್ತದೆ. ನೆಟ್ಟಗೆ ಹತ್ತುವುದು ಮಾತ್ರ ಅದರಿಂದಾಗದ ಕೆಲಸ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿನಲ್ಲಿ ಕುಳಿತವರಿಗೆ ಇದು ಗೊತ್ತು. ಅಲ್ಲಿ 50 ಅಡಿ ಸಾಗಿದರೆ ಒಂದಡಿಯಷ್ಟು ಇಳಿಜಾರು. ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಕಡೆಗೆ ಇಳಿಯುವ ಘಟ್ಟ ಇನ್ನೂ ಕಡಿದು, 37 ಅಡಿಗೆ ಒಂದಡಿ. ಅಷ್ಟು ಏರಿಗೇ ರೈಲಿನ ಹಿಂದೆ ಇನ್ನೊಂದು ಎಂಜಿನ್ ಕಟ್ಟಿ ತಳ್ಳಿಸಬೇಕಾಗುತ್ತದೆ. ನುಣುಪಾದ ಹಳಿಯ ಮೇಲೆ ನುಣುಪಾದ ಗಾಲಿಗೆ ಹಿಡಿತ ಕಡಿಮೆ. ಸಮತಟ್ಟಿನಲ್ಲಿ ರೈಲು ಹಗುರಾಗಿ ಓಡಲು ಯಾವ ಗುಣ ಕಾರಣವೋ, ಏರಿನಲ್ಲಿ ಅದು ಜಾರಲು ಅದೇ ಗುಣ ಕಾರಣ.

ಹೀಗಿರುವಾಗ ಹತ್ತಡಿಗೆ ಒಂದಡಿ ಏರುವ ಹಳಿಯನ್ನು ಕಲ್ಪಿಸಿಕೊಳ್ಳಿ. ಇಂದಿನ ಎಂಜಿನ್ನುಗಳೇ ಹಿಂಜರಿಯುವ ಆ ಕಡಿದಾದ ಏರಿನಲ್ಲಿ ಸುಮಾರು 190 ವರ್ಷಗಳ ಹಿಂದೆ ಜನ, ದವಸ, ಕಬ್ಬಿಣ, ಕೆಲವೊಮ್ಮೆ ಇಡೀ ದೋಣಿಗಳೇ ಹಳಿಯ ಮೇಲೆ ಕುಳಿತು ಬೆಟ್ಟ ದಾಟಿದವು. ಎಳೆಯುತ್ತಿದ್ದುದು ಹಗ್ಗ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲೆಘೆನಿ ಪೋರ್ಟೇಜ್ ರೈಲುಮಾರ್ಗ ಹೀಗೆ ಕೆಲಸ ಮಾಡಿದ್ದು ಕೇವಲ ಇಪ್ಪತ್ತು ವರ್ಷ. 1964ರಲ್ಲಿ ಅಲ್ಲಿನ ಸರ್ಕಾರ ಅದರ ಅವಶೇಷಗಳನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿ ರಕ್ಷಣೆಗೆ ತೆಗೆದುಕೊಂಡಿತು. ಇಪ್ಪತ್ತೇ ವರ್ಷದಲ್ಲಿ ಮೂಲೆಗೆ ಬಿದ್ದ ಒಂದು ಏರ್ಪಾಟನ್ನು ಇಷ್ಟು ಜತನದಿಂದ ಏಕೆ ಕಾಪಾಡಬೇಕು? ಉತ್ತರ ಆ ಹಗ್ಗದಲ್ಲಿಯೇ ಇದೆ.

ಎರಡು ನಗರಗಳ ಪೈಪೋಟಿ

ಕಥೆ ಆರಂಭವಾಗುವುದು ರೈಲಿನಿಂದಲ್ಲ, ಕಾಲುವೆಯಿಂದ. 1825ರಲ್ಲಿ ನ್ಯೂಯಾರ್ಕ್ ರಾಜ್ಯ ಈರಿ ಕಾಲುವೆಯನ್ನು ಪೂರ್ಣಗೊಳಿಸಿತು. ಹಡ್ಸನ್ ನದಿಯಿಂದ ಈರಿ ಸರೋವರದವರೆಗೆ 363 ಮೈಲಿ ಉದ್ದದ ಈ ಜಲಮಾರ್ಗ ತೆರೆದದ್ದೇ ತಡ, ಒಳನಾಡಿನ ಗೋಧಿ, ಮರ, ಮಾಂಸವೆಲ್ಲ ನ್ಯೂಯಾರ್ಕ್ ಬಂದರಿನತ್ತ ಹರಿಯತೊಡಗಿತು. ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದ ವರ್ತಕರಿಗೆ ದಿಗಿಲಾಯಿತು. ತಮ್ಮ ಬಂದರಿನಿಂದ ಅದೇ ರಾಜ್ಯದ ಪಶ್ಚಿಮ ತುದಿಯ ಪಿಟ್ಸ್‌ಬರ್ಗ್‌ಗೆ ಕುದುರೆಗಾಡಿಯಲ್ಲಿ ಸರಕು ಸಾಗಿಸಲು ಮೂರು ವಾರ ಹಿಡಿಯುತ್ತಿತ್ತು. ಹೀಗೇ ಬಿಟ್ಟರೆ ವ್ಯಾಪಾರವೆಲ್ಲ ನೆರೆರಾಜ್ಯದ ಪಾಲಾಗುವುದು ಖಂಡಿತವೆನಿಸಿತು.

1826ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಸಾಲ ಎತ್ತಿ ತನ್ನದೇ ಮಾರ್ಗಕ್ಕೆ ಕೈಹಾಕಿತು. ಆದರೆ ನ್ಯೂಯಾರ್ಕಿಗಿದ್ದ ಅನುಕೂಲ ಅದಕ್ಕಿರಲಿಲ್ಲ. ಈರಿ ಕಾಲುವೆ ಹಾದದ್ದು ಬಹುಮಟ್ಟಿಗೆ ತಗ್ಗಾದ ನೆಲದಲ್ಲಿ. ಇಲ್ಲಿಯೋ, ರಾಜ್ಯದ ನಡುವೆ ಗೋಡೆಯಂತೆ ಅಲೆಘೆನಿ ಬೆಟ್ಟಸಾಲು. ಕಾಲುವೆ ಬೆಟ್ಟ ಹತ್ತಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ನೀರಿನ ಕಟ್ಟೆಗಳನ್ನು ಕಟ್ಟಿ, ದೋಣಿಯನ್ನು ಒಂದೊಂದೇ ಹಂತ ಮೇಲೇರಿಸಬೇಕು. ಪ್ರತಿ ಹಂತಕ್ಕೂ ನೆತ್ತಿಯಿಂದ ನೀರು ಇಳಿದು ಬರಬೇಕು. ಬೆಟ್ಟದ ನೆತ್ತಿಯಲ್ಲಿ ಅಷ್ಟು ನೀರೆಲ್ಲಿ? ನಾಲ್ಕು ಮೈಲಿ ಉದ್ದದ ಸುರಂಗ ಕೊರೆದು ಅದರೊಳಗೆ ಕಾಲುವೆ ಹರಿಸುವ ಯೋಚನೆಯೂ ಬಂದು ಹೋಯಿತು.

ಕೊನೆಗೆ ಆರಿಸಿಕೊಂಡದ್ದು ನಡುವಣ ದಾರಿ. ಬೆಟ್ಟದ ಪೂರ್ವದ ಬುಡದಲ್ಲಿರುವ ಹಾಲಿಡೇಸ್‌ಬರ್ಗ್‌ವರೆಗೆ ಕಾಲುವೆ. ಪಶ್ಚಿಮದ ಬುಡದಲ್ಲಿರುವ ಜಾನ್ಸ್‌ಟೌನ್‌ನಿಂದ ಮುಂದೆ ಮತ್ತೆ ಕಾಲುವೆ. ಈ ಎರಡರ ನಡುವಿನ 36 ಮೈಲಿ ಬೆಟ್ಟದ ಮೇಲೆ ರೈಲು. ಎರಡು ಜಲಮಾರ್ಗಗಳ ನಡುವೆ ದೋಣಿಯನ್ನೂ ಸರಕನ್ನೂ ನೆಲದ ಮೇಲೆ ಹೊತ್ತು ಸಾಗಿಸುವುದಕ್ಕೆ ‘ಪೋರ್ಟೇಜ್’ ಎಂದು ಹೆಸರು. ರೈಲುಮಾರ್ಗಕ್ಕೂ ಅದೇ ಹೆಸರು ಬಂತು.

ಬಾವಿಯ ರಾಟೆಯ ಲೆಕ್ಕ

1831ರಲ್ಲಿ ಮುಖ್ಯ ಎಂಜಿನಿಯರ್ ಸಿಲ್ವೆಸ್ಟರ್ ವೆಲ್ಚ್ ನೇತೃತ್ವದಲ್ಲಿ ಕೆಲಸ ಆರಂಭವಾಯಿತು. ಕೆಲಸಗಾರರಲ್ಲಿ ಐರ್ಲೆಂಡ್ ಮತ್ತು ವೇಲ್ಸ್‌ನಿಂದ ವಲಸೆ ಬಂದವರು ಬಹಳ. ದಟ್ಟ ಕಾಡಿನಲ್ಲಿ 120 ಅಡಿ ಅಗಲದ ದಾರಿ ಕಡಿದರು. ಮರ ಬಿದ್ದರೂ ಹಳಿಗೆ ತಾಗಬಾರದು ಎಂಬ ಎಚ್ಚರಿಕೆ ಅದು. ಜಾನ್ಸ್‌ಟೌನ್ ಬಳಿ ಸ್ಟೇಪಲ್ ಬೆಂಡ್ ಎಂಬಲ್ಲಿ ಬಂಡೆ ಕೊರೆದು 901 ಅಡಿ ಉದ್ದದ ಸುರಂಗ ಮಾಡಿದರು. ಅಮೆರಿಕದಲ್ಲಿ ರೈಲಿಗಾಗಿ ತೋಡಿದ ಮೊದಲ ಸುರಂಗ ಅದೇ. 1834ರ ಮಾರ್ಚ್‌ನಲ್ಲಿ ಮಾರ್ಗ ಅಧಿಕೃತವಾಗಿ ತೆರೆಯಿತು.

ಪೂರ್ವದ ಕಡೆಯಿಂದ ಹತ್ತು ಮೈಲಿಯಲ್ಲಿ ಸುಮಾರು 1,400 ಅಡಿ ಏರಬೇಕಿತ್ತು. ಪಶ್ಚಿಮದ ಕಡೆಯಿಂದ 26 ಮೈಲಿಯಲ್ಲಿ ಸುಮಾರು 1,170 ಅಡಿ. ಈ ಏರನ್ನು ದಾರಿಯುದ್ದಕ್ಕೂ ಹಂಚದೆ ಹತ್ತು ಕಡೆ ಒಟ್ಟುಗೂಡಿಸಿದ್ದೇ ಎಂಜಿನಿಯರರ ಉಪಾಯ. ಬೆಟ್ಟದ ಪ್ರತಿ ಮಗ್ಗುಲಿಗೆ ಐದರಂತೆ ಹತ್ತು ಕಡಿದಾದ ಇಳಿಜಾರು ಹಳಿಗಳು. ಅವುಗಳ ನಡುವೆ ಹೆಚ್ಚುಕಡಿಮೆ ಸಮತಟ್ಟಾದ ಹಾದಿ. ದೊಡ್ಡ ಮೆಟ್ಟಿಲುಗಳ ಸಾಲಿನಂತೆ ಎನ್ನಬಹುದು. ಹತ್ತೂ ಇಳಿಜಾರುಗಳ ಉದ್ದ ಕೂಡಿಸಿದರೆ ನಾಲ್ಕೂವರೆ ಮೈಲಿಯೂ ಆಗದು. ಆದರೆ ಬೆಟ್ಟದ ಎತ್ತರದ ಬಹುಪಾಲು ಅಷ್ಟರಲ್ಲೇ ಮುಗಿಯುತ್ತಿತ್ತು. ಎಂಟನೆಯದು ಎಲ್ಲಕ್ಕಿಂತ ದೊಡ್ಡದು: 3,117 ಅಡಿ ಉದ್ದ, 307 ಅಡಿ ಏರು. ಸಮತಟ್ಟಿನ ಹಾದಿಯಲ್ಲಿ ಬಂಡಿಗಳನ್ನು ಮೊದಲು ಕುದುರೆಗಳೂ ಮುಂದೆ ಉಗಿ ಎಂಜಿನ್ನುಗಳೂ ಎಳೆದವು. ಇಳಿಜಾರು ಬಂದಾಗ ಅವನ್ನು ಬಿಚ್ಚಿ ಬಂಡಿಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದರು.

ಹಗ್ಗ ಕೆಲಸ ಮಾಡುತ್ತಿದ್ದ ಬಗೆ ನಮ್ಮ ಸೇದುವ ಬಾವಿಯ ರಾಟೆಯನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ರಾಟೆಯ ಹಗ್ಗದ ಎರಡು ತುದಿಗೂ ಒಂದೊಂದು ಕೊಡ ಕಟ್ಟಿದರೆ ಇಳಿಯುವ ಕೊಡದ ಭಾರ ಏರುವ ಕೊಡಕ್ಕೆ ನೆರವಾಗುತ್ತದೆ. ಸೇದುವವನ ತೋಳಿಗೆ ಉಳಿಯುವುದು ಎರಡರ ಭಾರದ ವ್ಯತ್ಯಾಸ ಮಾತ್ರ. ಇಲ್ಲಿಯೂ ಅದೇ ಲೆಕ್ಕ. ಪ್ರತಿ ಇಳಿಜಾರಿನ ಮೇಲೂ ಎರಡು ಜೊತೆ ಹಳಿಗಳು. ಮೇಲ್ತುದಿಯ ಎಂಜಿನ್ ಮನೆಯಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ದೊಡ್ಡ ಚಕ್ರ, ಕೆಳತುದಿಯಲ್ಲಿ ಇನ್ನೊಂದು ಚಕ್ರ, ಎರಡನ್ನೂ ಸುತ್ತಿ ಬರುವ ಕೊನೆಯಿಲ್ಲದ ಹಗ್ಗ. ಒಂದು ಹಳಿಯ ಮೇಲೆ ಮೂರು ನಾಲ್ಕು ಬಂಡಿಗಳು ಏರುವಾಗ ಇನ್ನೊಂದರ ಮೇಲೆ ಅಷ್ಟೇ ಬಂಡಿಗಳು ಇಳಿಯುತ್ತಿದ್ದವು. ಹೀಗಾಗಿ 35 ಅಶ್ವಶಕ್ತಿಯ, ಅಂದರೆ ಇಂದಿನ ಒಂದು ಸಾಧಾರಣ ಟ್ರ್ಯಾಕ್ಟರಿನಷ್ಟು ಬಲದ ಯಂತ್ರ ಆ ಕೆಲಸಕ್ಕೆ ಸಾಕಾಯಿತು. ಪ್ರತಿ ನೆಲೆಯಲ್ಲೂ ಅಂಥ ಯಂತ್ರಗಳು ಎರಡು. ಒಂದು ಕೆಟ್ಟರೆ ಇನ್ನೊಂದು.

ಮಾರ್ಗದ ಪರಿಣಾಮ ಕೂಡಲೇ ಕಂಡಿತು. ಮೂರು ವಾರದ ದಾರಿ ನಾಲ್ಕು ದಿನಕ್ಕಿಳಿಯಿತು. ತೆರೆದ ವರ್ಷದ ಶರತ್ಕಾಲದಲ್ಲಿ ಜೆಸ್ಸಿ ಕ್ರಿಸ್‌ಮನ್ ಎಂಬಾತ ಸಂಸಾರವನ್ನೂ ಮನೆಸಾಮಾನನ್ನೂ ದೋಣಿಯಲ್ಲಿಟ್ಟುಕೊಂಡು ಪಶ್ಚಿಮಕ್ಕೆ ಹೊರಟಿದ್ದ. ಬೆಟ್ಟದ ಬುಡದಲ್ಲಿ ದೋಣಿಯನ್ನು ಮಾರಿಬಿಡುವುದು ಅವನ ಎಣಿಕೆ. ಅಲ್ಲಿದ್ದವರು ದೋಣಿಯನ್ನೇ ಬಂಡಿಯ ಮೇಲೇರಿಸಿ, ಜನ ಅದರೊಳಗಿರುವಂತೆಯೇ ಬೆಟ್ಟ ದಾಟಿಸಿ ಆಚೆಯ ಕಾಲುವೆಯಲ್ಲಿ ತೇಲಿಸಿದರು. ಮುಂದೆ ಮೂರು ನಾಲ್ಕು ಭಾಗಗಳಾಗಿ ಬಿಚ್ಚಿ ಜೋಡಿಸಬಹುದಾದ ದೋಣಿಗಳೇ ಬಳಕೆಗೆ ಬಂದವು. ಪ್ರತಿ ಭಾಗವೂ ಒಂದು ಬಂಡಿಯ ಮೇಲೆ ಕೂರುತ್ತಿತ್ತು.

ಹಗ್ಗವೇ ದುರ್ಬಲ ಕೊಂಡಿ

ಈ ಚಾತುರ್ಯವೆಲ್ಲ ನಿಂತಿದ್ದು ನಾರಿನ ಹಗ್ಗದ ಮೇಲೆ. ಸೆಣಬಿನ ಜಾತಿಯ ನಾರಿನಿಂದ ಹೊಸೆದ ದಪ್ಪನೆಯ ಹಗ್ಗ ಮಳೆ, ಮಂಜು, ಬಿಸಿಲಿಗೆ ಒಡ್ಡಿಕೊಂಡು ದಿನವಿಡೀ ಚಕ್ರದ ಮೇಲೆ ಉಜ್ಜಿಕೊಂಡು ತಿರುಗಬೇಕು. ಒಂದು ಹಗ್ಗ ಒಂದೂವರೆ ವರ್ಷ ಬಾಳುವುದೂ ಕಷ್ಟವಾಗಿತ್ತು. ಬದಲಾಯಿಸುವ ಖರ್ಚು ದೊಡ್ಡದು. ಬದಲಾಯಿಸದೆ ಬಿಡುವ ಅಪಾಯ ಅದಕ್ಕಿಂತ ದೊಡ್ಡದು. ನಾರು ಒಳಗೊಳಗೇ ಕೊಳೆತರೆ ಹೊರಗಿನಿಂದ ಕಾಣುವುದಿಲ್ಲ. ಹಗ್ಗ ಹರಿದು ಬಂಡಿಗಳು ಹಿಂದಕ್ಕೆ ಉರುಳಿದ ಪ್ರಸಂಗಗಳು ನಡೆದವು, ಜೀವಗಳೂ ಹೋದವು. ಬಂಡಿಗಳ ಕೆಳಬದಿಗೆ ತಡೆಬಂಡಿಯೊಂದನ್ನು ಕಟ್ಟಿ, ಹಗ್ಗ ಕೈಕೊಟ್ಟರೂ ಅದು ಬಂಡಿಗಳನ್ನು ಹಿಡಿದು ನಿಲ್ಲಿಸುವಂತೆ ಮಾಡಿದ್ದರು. ಅದು ಇದ್ದುದರಿಂದ ಅನಾಹುತ ಕಡಿಮೆಯಾಯಿತೇ ಹೊರತು ಭಯ ಹೋಗಲಿಲ್ಲ.

ಅಪಾಯಕ್ಕೆ ಹೆಚ್ಚು ಹತ್ತಿರವಿದ್ದವರು ಪ್ರಯಾಣಿಕರಲ್ಲ, ಪ್ರತಿದಿನ ಬಂಡಿಗಳನ್ನು ಹಗ್ಗಕ್ಕೆ ಕಟ್ಟಿ ಬಿಚ್ಚುತ್ತಿದ್ದ ಆಳುಗಳು. ಒಂದು ಬಂಡಿ ಬೆಟ್ಟ ದಾಟಲು ಹತ್ತು ಸಲ ಕಟ್ಟಬೇಕು, ಹತ್ತು ಸಲ ಬಿಚ್ಚಬೇಕು. ಪ್ರಯಾಣಿಕರಿಗೆ ಒಂದು ದಿನದ ಸಾಹಸವಾಗಿದ್ದುದು ಇವರಿಗೆ ನಿತ್ಯದ ಕೂಲಿ.

1842 ಈ ಮಾರ್ಗದ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಆ ವಸಂತದಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇಲ್ಲಿ ಬೆಟ್ಟ ದಾಟಿದ. ಹಳಿಗಳು ಪ್ರಪಾತದ ಅಂಚಿನಲ್ಲೇ ಹಾದಿದ್ದುದನ್ನೂ, ಕಿಟಕಿಯಿಂದ ನೋಡಿದರೆ ನಡುವೆ ಬೇಲಿಯೂ ಇಲ್ಲದೆ ನೇರ ಆಳವೇ ಕಂಡದ್ದನ್ನೂ ತನ್ನ ಪ್ರವಾಸಕಥನದಲ್ಲಿ ಬರೆದ. ಅದೇ ವರ್ಷ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ತಾನೆತ್ತಿದ ಸಾಲದ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. ಆ ಸಾಲದ ದೊಡ್ಡ ಪಾಲು ಇಂಥ ಕಾಲುವೆ ಮತ್ತು ಮಾರ್ಗಗಳಿಗೇ ಹೋಗಿತ್ತು. ಮಾರ್ಗದ ಹೆಸರನ್ನು ಉಳಿಸಿದ ಮೂರನೆಯ ಸಂಗತಿ ನಡೆದದ್ದೂ ಅದೇ ವರ್ಷ.

ತಂತಿ ಹೊಸೆದ ಹುಲ್ಲುಗಾವಲು

ಜಾನ್ ರೋಬ್ಲಿಂಗ್ ಜರ್ಮನಿಯಲ್ಲಿ 1806ರಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಕಲಿತವನು. 1831ರಲ್ಲಿ ಊರಿನವರ ಒಂದು ಗುಂಪಿನೊಂದಿಗೆ ಅಮೆರಿಕಕ್ಕೆ ವಲಸೆ ಬಂದು ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಸ್ಯಾಕ್ಸನ್‌ಬರ್ಗ್ ಎಂಬ ಹಳ್ಳಿ ಕಟ್ಟಿದ. ಬೇಸಾಯ ಕೈಹಿಡಿಯದೆ ಮತ್ತೆ ಎಂಜಿನಿಯರಿಂಗ್‌ಗೆ ಮರಳಿ ರಾಜ್ಯದ ಕಾಲುವೆಗಳಲ್ಲಿ, ಮಾರ್ಗಗಳ ಅಳತೆಯಲ್ಲಿ ದುಡಿದ. ಅಲೆಘೆನಿಯ ಹಗ್ಗಗಳ ಪಾಡು ಅವನ ಕಣ್ಣಿಗೆ ಬಿದ್ದದ್ದು ಆಗ.

ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿ ಗಣಿಯ ಆಳದಿಂದ ಅದಿರು ಎತ್ತಲು ಬಳಸಿದ್ದ. ಸರಪಳಿಯಲ್ಲಿ ಒಂದು ಕೊಂಡಿ ಮುರಿದರೂ ಇಡೀ ಸರಪಳಿ ಹೋಯಿತು. ತಂತಿಹಗ್ಗದಲ್ಲಿ ಹಾಗಲ್ಲ, ಒಂದೆರಡು ಎಳೆ ಹರಿದರೂ ಉಳಿದವು ಭಾರ ಹೊರುತ್ತವೆ. ಹರಿದ ಎಳೆ ಹೊರಗೆ ಚಾಚಿ ಕಾಣುವುದರಿಂದ ಮುನ್ನೆಚ್ಚರಿಕೆಯೂ ಸಿಗುತ್ತದೆ. ಮಳೆಗೆ ಕೊಳೆಯುವುದಿಲ್ಲ. ಅದೇ ಬಲದ ನಾರಿನ ಹಗ್ಗಕ್ಕಿಂತ ಬಹಳ ಸಣ್ಣದಾಗಿಯೂ ಇರುತ್ತದೆ. ಈ ವಿಷಯವನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಓದಿದ್ದ ರೋಬ್ಲಿಂಗ್ 1841ರಲ್ಲಿ ಹಳ್ಳಿಯ ಹುಲ್ಲುಗಾವಲಿನಲ್ಲಿ ಉದ್ದಕ್ಕೆ ತಂತಿ ಹಾಸಿ, ನೆರೆಹೊರೆಯ ರೈತರನ್ನೇ ಕೂಲಿಗೆ ಕರೆದು ಹೊಸೆಯತೊಡಗಿದ. ದೊಡ್ಡ ಕಾರ್ಖಾನೆಯಿರಲಿಲ್ಲ. ನಮ್ಮ ಊರುಗಳಲ್ಲಿ ಬಯಲಿನಲ್ಲಿ ಹಗ್ಗ ಹೊಸೆಯುವಂತೆಯೇ ಇತ್ತು ಆ ಕೆಲಸ.

1842ರಲ್ಲಿ ಪೋರ್ಟೇಜ್ ಮಾರ್ಗದ ಒಂದು ಇಳಿಜಾರಿನಲ್ಲಿ ಅವನ ಹಗ್ಗದ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ನಾರಿನ ಹಗ್ಗ ಮಾರುತ್ತಿದ್ದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಮೊದಲ ಪರೀಕ್ಷೆಯಲ್ಲಿ ಹಗ್ಗ ತುಂಡಾಗಲು ಯಾರೋ ಬೇಕೆಂದೇ ಅದನ್ನು ಕತ್ತರಿಸಿದ್ದು ಕಾರಣವೆಂಬ ಕಥೆ ರೋಬ್ಲಿಂಗ್‌ನ ಚರಿತ್ರೆಯ ಜೊತೆಗೇ ಹೇಳಿಕೊಂಡು ಬಂದಿದೆ. ಮತ್ತೆ ಅವಕಾಶ ದೊರೆತು, ತಂತಿಹಗ್ಗ ಗೆದ್ದಿತು. 1840ರ ದಶಕ ಮುಗಿಯುವ ಹೊತ್ತಿಗೆ ಹತ್ತೂ ಇಳಿಜಾರುಗಳಲ್ಲಿ ನಾರಿನ ಹಗ್ಗದ ಜಾಗಕ್ಕೆ ತಂತಿಹಗ್ಗ ಬಂದಿತ್ತು.

ಗೆದ್ದ ಹಗ್ಗ, ಸೋತ ಮಾರ್ಗ

ವಿಚಿತ್ರವೆಂದರೆ ಹಗ್ಗದ ಸಮಸ್ಯೆ ಬಗೆಹರಿಯುವ ಹೊತ್ತಿಗೆ ಹಗ್ಗದ ಅಗತ್ಯವೇ ಹೋಗುತ್ತಾ ಬಂದಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಉಗಿ ಎಂಜಿನ್ನುಗಳ ಬಲ ಬಹಳವಾಗಿ ಬೆಳೆದಿತ್ತು. 1846ರಲ್ಲಿ ಸ್ಥಾಪನೆಯಾದ ಪೆನ್ಸಿಲ್ವೇನಿಯಾ ರೈಲ್‌ರೋಡ್ ಎಂಬ ಖಾಸಗಿ ಕಂಪನಿ ಅದೇ ಬೆಟ್ಟವನ್ನು ಬೇರೆ ರೀತಿ ದಾಟಿತು. ಕಂಪನಿಯ ಎಂಜಿನಿಯರ್ ಎಡ್ಗರ್ ಥಾಮ್ಸನ್ ಕಣಿವೆಯೊಂದನ್ನು ಬಳಸಿ ಕುದುರೆಲಾಳದ ಆಕಾರದಲ್ಲಿ ಹಳಿಯನ್ನು ತಿರುಗಿಸಿ, ಏರನ್ನು ನೂರಡಿಗೆ ಎರಡಡಿಗಿಂತಲೂ ಕಡಿಮೆಗೆ ಇಳಿಸಿದ. ನಮ್ಮ ಸಕಲೇಶಪುರದ ಘಟ್ಟದ ಏರೂ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ಗಮನಿಸಬಹುದು. 1854ರ ಫೆಬ್ರವರಿಯಲ್ಲಿ ಈ ತಿರುವು ತೆರೆದಾಗ ನಾಲ್ಕು ದಿನದ ಪ್ರಯಾಣ ಸುಮಾರು 13 ಗಂಟೆಗೆ ಇಳಿಯಿತು. ಕಟ್ಟುವುದಿಲ್ಲ, ಬಿಚ್ಚುವುದಿಲ್ಲ, ದೋಣಿಯಿಂದ ಬಂಡಿಗೆ ಬದಲಾಯಿಸುವುದೂ ಇಲ್ಲ.

ಸರ್ಕಾರ ಸುಮ್ಮನಿರದೆ ಇಳಿಜಾರುಗಳನ್ನು ಬಿಟ್ಟು ಸುತ್ತಿ ಹೋಗುವ ಹೊಸ ಪೋರ್ಟೇಜ್ ಮಾರ್ಗವನ್ನು ಕಟ್ಟಿತು. ಅದು ಮುಗಿಯುವಷ್ಟರಲ್ಲಿ ಸಮಯ ಮೀರಿತ್ತು. 1857ರಲ್ಲಿ ಕಾಲುವೆ, ರೈಲು ಸೇರಿದಂತೆ ಇಡೀ ಸರ್ಕಾರಿ ಮಾರ್ಗವನ್ನು 75 ಲಕ್ಷ ಡಾಲರಿಗೆ ಅದೇ ಖಾಸಗಿ ಕಂಪನಿ ಕೊಂಡುಕೊಂಡು, ಪೋರ್ಟೇಜನ್ನು ಮುಚ್ಚಿತು. ಹಳೆಯ ಇಳಿಜಾರುಗಳ ಹಳಿ ಕಿತ್ತರು, ಯಂತ್ರ ಸಾಗಿಸಿದರು. ಕಾಡು ಮತ್ತೆ ಬೆಳೆಯಿತು.

ಹಗ್ಗ ಮಾತ್ರ ಮುಂದೆ ಸಾಗಿತು. ಇಳಿಜಾರುಗಳಲ್ಲಿ ಗಳಿಸಿದ ಹೆಸರಿನಿಂದ ರೋಬ್ಲಿಂಗ್‌ಗೆ ಸೇತುವೆ ಕೆಲಸಗಳು ಬಂದವು. 1845ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನದಿಯ ಮೇಲೆ ಕಾಲುವೆಯನ್ನೇ ತಂತಿಗಳಿಂದ ತೂಗುಹಾಕಿದ. 1855ರಲ್ಲಿ ನಯಾಗರದ ಕಮರಿಯ ಮೇಲೆ ರೈಲು ಓಡುವ ತೂಗುಸೇತುವೆ ಕಟ್ಟಿದ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಯೋಜನೆಯೂ ಅವನದೇ. 1869ರಲ್ಲಿ ಅದರ ಅಳತೆಯ ವೇಳೆ ಕಾಲಿಗೆ ಪೆಟ್ಟಾಗಿ ಧನುರ್ವಾಯುವಿನಿಂದ ತೀರಿಕೊಂಡ. ಮಗ ವಾಷಿಂಗ್ಟನ್ ರೋಬ್ಲಿಂಗ್ ಕಾಯಿಲೆ ಬಿದ್ದರೂ ಹೆಂಡತಿ ಎಮಿಲಿಯ ನೆರವಿನಿಂದ 1883ರಲ್ಲಿ ಅದನ್ನು ಪೂರ್ತಿ ಮಾಡಿಸಿದ.

ತಂತಿಹಗ್ಗ ಇಂದು ನಮಗೆ ಎಷ್ಟು ಸಾಮಾನ್ಯವೆಂದರೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಹುಮಹಡಿ ಕಟ್ಟಡದ ಲಿಫ್ಟ್, ಬಂದರಿನ ಕ್ರೇನ್, ಗಣಿಯ ಪಂಜರ ಎಲ್ಲವೂ ಅದರ ಮೇಲೆ ನಿಂತಿವೆ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿ, ಮುಂದೆ ಹತ್ತಾರು ಹಳ್ಳಿಗಳನ್ನು ಮಳೆಗಾಲದಲ್ಲೂ ಹೊರಲೋಕಕ್ಕೆ ಜೋಡಿಸಿದ್ದು ಉಕ್ಕಿನ ತಂತಿಹಗ್ಗಗಳ ಬಲದಿಂದಲೇ. ಆ ಹಗ್ಗಗಳು ಅಲೆಘೆನಿಯಿಂದ ಬಂದವಲ್ಲ ನಿಜ. ಆದರೆ ಹೊಸೆದ ತಂತಿಗೆ ಮನುಷ್ಯರ ಪ್ರಾಣವನ್ನು ಒಪ್ಪಿಸಬಹುದು ಎಂಬ ನಂಬಿಕೆ ಬೆಳೆದ ಜಾಗಗಳಲ್ಲಿ ಆ ಬೆಟ್ಟವೂ ಒಂದು.

ಸೋತದ್ದನ್ನೂ ಉಳಿಸಬೇಕು

1964ರ ಘೋಷಣೆಯ ನಂತರ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಆರನೆಯ ಇಳಿಜಾರಿನ ನೆತ್ತಿಯಲ್ಲಿ ಎಂಜಿನ್ ಮನೆಯ ಅಡಿಪಾಯವನ್ನು ಶೋಧಿಸಿ, ಅದರ ಮೇಲೆ ಹಳೆಯ ಮಾದರಿಯ ಕಟ್ಟಡ ಕಟ್ಟಿ, ಯಂತ್ರ ನಡೆಯುತ್ತಿದ್ದ ಬಗೆಯನ್ನು ತೋರಿಸುವ ಏರ್ಪಾಟು ಮಾಡಿದೆ. ಪಕ್ಕದಲ್ಲೇ ಸ್ಯಾಮ್ಯುಯೆಲ್ ಲೆಮನ್ ದಂಪತಿಗಳು ನಡೆಸುತ್ತಿದ್ದ ಕಲ್ಲಿನ ಪಾನಗೃಹವಿದೆ. ಬೆಟ್ಟ ಹತ್ತಿ ಬಂದ ಪ್ರಯಾಣಿಕರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. ಇಳಿಜಾರಿನ ಮೇಲೆ ಹಾದ ಹಳೆಯ ಗಾಡಿರಸ್ತೆಗೆ ಕಟ್ಟಿದ ಓರೆ ಕಮಾನಿನ ಕಲ್ಲುಸೇತುವೆ ಈಗಲೂ ನಿಂತಿದೆ. ಸ್ಟೇಪಲ್ ಬೆಂಡ್ ಸುರಂಗದೊಳಗೆ 2001ರಿಂದ ಜನ ನಡೆದು ಹೋಗಬಹುದು. ಹಳಿಗಳನ್ನು ಕೂರಿಸಿದ್ದ ಕಲ್ಲಿನ ದಿಮ್ಮಿಗಳು ಕೆಲವೆಡೆ ಸಾಲಾಗಿ ನೆಲದಲ್ಲೇ ಇವೆ.

ಸ್ಮಾರಕವೆಂದರೆ ಗೆದ್ದವರದು, ಬಹುಕಾಲ ಬಾಳಿದ್ದು ಎಂಬ ಭಾವನೆ ನಮ್ಮಲ್ಲಿದೆ. ಕೋಟೆ, ಗುಡಿ, ಅರಮನೆಗಳನ್ನು ಉಳಿಸಬೇಕೆನ್ನುವಾಗ ಯಾರೂ ಚರ್ಚೆಗೆ ನಿಲ್ಲುವುದಿಲ್ಲ. ಹಳೆಯ ಗಿರಣಿ, ಮುಚ್ಚಿದ ಗಣಿಯ ಯಂತ್ರಗೋಪುರ, ಬಳಕೆ ತಪ್ಪಿದ ರೈಲುಮಾರ್ಗದ ಮಾತು ಬಂದರೆ ಮಾತ್ರ ಗುಜರಿಗೆ ಎಷ್ಟು ಬಂದೀತು ಎಂಬ ಲೆಕ್ಕ ಶುರುವಾಗುತ್ತದೆ. ಪೋರ್ಟೇಜ್ ಮಾರ್ಗವನ್ನು ಲಾಭನಷ್ಟದ ಪುಸ್ತಕದಿಂದ ಅಳೆದರೆ ಅದು ಸರ್ಕಾರವನ್ನು ಸಾಲಕ್ಕೆ ನೂಕಿ ಇಪ್ಪತ್ತು ವರ್ಷಕ್ಕೆ ಕೆಲಸ ನಿಲ್ಲಿಸಿದ ದುಬಾರಿ ಪ್ರಯತ್ನ. ಆದರೆ ಆ ದಾರಿ ಇಲ್ಲದಿದ್ದರೆ ಹಗ್ಗ ಹರಿಯುವ ಭಯ ಇರುತ್ತಿರಲಿಲ್ಲ. ಭಯ ಇಲ್ಲದಿದ್ದರೆ ಹುಲ್ಲುಗಾವಲಿನಲ್ಲಿ ತಂತಿ ಹೊಸೆದವನ ಮಾತನ್ನು ಆ ಬೆಟ್ಟದ ಅಧಿಕಾರಿಗಳು ಕೇಳುತ್ತಲೂ ಇರಲಿಲ್ಲ.

ಬ್ರೂಕ್ಲಿನ್ ಸೇತುವೆಯನ್ನು ಇಂದಿಗೂ ದಿನವೂ ಸಾವಿರಾರು ಜನ ದಾಟುತ್ತಾರೆ. ಅದನ್ನು ಕಾಪಾಡಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಡಿನೊಳಗಿನ ಖಾಲಿ ಇಳಿಜಾರಿಗೆ ಅಂಥ ಬೆಂಬಲವಿಲ್ಲ. ಹೇಳುವವರು ಇದ್ದರೆ ಮಾತ್ರ ಅದು ಉಳಿಯುತ್ತದೆ. ಒಂದು ಕೆಲಸ ಹೇಗೆ ಸಾಧ್ಯವಾಯಿತು, ಅದಕ್ಕೆ ಮೊದಲು ಏನೇನು ಕೈಕೊಟ್ಟಿತು, ಬೆಲೆ ತೆತ್ತವರು ಯಾರು ಎಂಬುದನ್ನು ಮುಂದಿನವರು ತಿಳಿಯಬೇಕಾದರೆ ಕೊನೆಯ ಮೆಟ್ಟಿಲನ್ನು ತೋರಿಸಿದರೆ ಸಾಲದು, ನಡುವಿನ ಮೆಟ್ಟಿಲುಗಳೂ ಉಳಿದಿರಬೇಕು. ಅಲೆಘೆನಿಯ ಆ ಕಲ್ಲುದಿಮ್ಮಿಗಳು ಅಂಥ ನಡುವಿನ ಮೆಟ್ಟಿಲುಗಳು.